ಬಾಡಿಗೆ ಕೇಳದ ಜಗಲಿ: ಆರ್ಕುಟ್‌ನ ಹತ್ತು ವರ್ಷಗಳು

ಹೊರನಾಡ ಕನ್ನಡಿಗರ ಚರಿತ್ರೆಯನ್ನು ಬರೆಯಹೊರಟವರು ಸಾಮಾನ್ಯವಾಗಿ ಸಂಘಗಳಿಂದ ಆರಂಭಿಸುತ್ತಾರೆ. 1926ರಲ್ಲಿ ಮುಂಬೈಯಲ್ಲಿ ಸ್ಥಾಪನೆಯಾದ ಮೈಸೂರು ಅಸೋಸಿಯೇಷನ್ ಮೊದಲಾದ ಸಂಸ್ಥೆಗಳ ಹೆಸರು ಅಲ್ಲಿ ಬಂದೇ ಬರುತ್ತದೆ. ಸಂಘವೆಂದಮೇಲೆ ಒಂದು ವಿಳಾಸವಿರುತ್ತದೆ, ಸಭೆಯ ನಡಾವಳಿ ಪುಸ್ತಕವಿರುತ್ತದೆ, ಸ್ಮರಣ ಸಂಚಿಕೆಯಿರುತ್ತದೆ. ಐವತ್ತು ವರ್ಷಗಳ ನಂತರ ಬಂದವರೂ ತೆರೆದು ಓದಬಹುದು. ಆದರೆ ನಮ್ಮ ಪೀಳಿಗೆಯ ಅನೇಕರು ಊರು ಬಿಟ್ಟು ಬಂದ ಹೊಸತರಲ್ಲಿ ಕೂಡಿದ್ದು ಇಂತಹ ಯಾವ ಸಭಾಂಗಣದಲ್ಲೂ ಅಲ್ಲ. ನಮ್ಮ ಜಗಲಿಯ ಹೆಸರು ಆರ್ಕುಟ್. ಅದರ ನಡಾವಳಿ ಪುಸ್ತಕ ಇಂದು ಎಲ್ಲಿಯೂ ಸಿಗುವುದಿಲ್ಲ. ಏಕೆ ಸಿಗುವುದಿಲ್ಲ ಎಂಬ ಪ್ರಶ್ನೆಯೇ ಈ ಬರಹಕ್ಕೆ ಕಾರಣ.

ಪರಿಚಯದವರ ಜಾಲವನ್ನೇ ಒಂದು ತಾಣವಾಗಿಸುವ ಪ್ರಯೋಗ ಆರ್ಕುಟ್‌ಗಿಂತ ಹಳೆಯದು. 1997ರಲ್ಲಿ ಅಮೆರಿಕದಲ್ಲಿ ಸಿಕ್ಸ್‌ಡಿಗ್ರೀಸ್ ಬಂದಿತು. ಕೆಲವೇ ವರ್ಷಗಳಲ್ಲಿ ಮುಚ್ಚಿತು. ಮುಂದೆ ಫ್ರೆಂಡ್‌ಸ್ಟರ್, ಮೈಸ್ಪೇಸ್‌ಗಳು ಬಂದವು. 2004ರ ಜನವರಿ ಕೊನೆಯಲ್ಲಿ ಗೂಗಲ್ ಸಂಸ್ಥೆಯ ಇಂಜಿನಿಯರ್, ತುರ್ಕಿ ಮೂಲದ ಆರ್ಕುಟ್ ಬುಯುಕೊಕ್ಟೆನ್ ರೂಪಿಸಿದ ತಾಣ ಅವರದೇ ಹೆಸರಿನಲ್ಲಿ ತೆರೆದುಕೊಂಡಿತು. ಅದೇ ಫೆಬ್ರವರಿ 4ರಂದು ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಫೇಸ್‌ಬುಕ್ ಹುಟ್ಟಿತು. ಆರ್ಕುಟ್ ಅಮೆರಿಕದಲ್ಲಿ ಬೇರೂರಲಿಲ್ಲ. ಅದನ್ನು ಸಾಕಿ ಸಲಹಿದವರು ಬ್ರೆಜಿಲ್ ಮತ್ತು ಭಾರತದ ತರುಣರು.

ಅದರಲ್ಲಿ ಅಂತಹ ಸೆಳೆತವೇನಿತ್ತು? ಮೊದಮೊದಲು ಒಳಗಿದ್ದವರು ಕರೆದರೆ ಮಾತ್ರ ಪ್ರವೇಶ. ಕರೆಯುವವರೊಬ್ಬರು ಇದ್ದಾರೆ ಎಂಬುದೇ ಪರವೂರಿನಲ್ಲಿ ಒಂದು ಸಮಾಧಾನ. ಒಳಗೆ ಹೋದಮೇಲೆ ಊರಿನ ಹೆಸರು, ಶಾಲೆಯ ಹೆಸರು ಹುಡುಕಿದರೆ ಸಾಕು, ಹತ್ತು ವರ್ಷಗಳಿಂದ ಸುದ್ದಿಯಿಲ್ಲದ ಸಹಪಾಠಿ ಭಾವಚಿತ್ರ ಸಮೇತ ಎದುರಾಗುತ್ತಿದ್ದರು. ಊರಿಗೊಂದು, ಕಾಲೇಜಿಗೊಂದು, ನಟನಿಗೊಂದು, ತಿಂಡಿಗೊಂದು ಕಮ್ಯೂನಿಟಿ. ಪುಣೆಯ ಕೋಣೆಯಲ್ಲಿ ಕುಳಿತು ಧಾರವಾಡದ ಮಳೆಯ ಬಗ್ಗೆ, ಚೆನ್ನೈನಲ್ಲಿ ಕುಳಿತು ಅಕ್ಕಿರೊಟ್ಟಿಯ ಹದದ ಬಗ್ಗೆ ವಾದಿಸಬಹುದಿತ್ತು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ತುಂಗಾ ಎಂಬ ಕನ್ನಡ ಫಾಂಟ್ ಇದ್ದರೂ ಸೈಬರ್ ಕೆಫೆಗಳ ಯಂತ್ರಗಳಲ್ಲಿ ಕನ್ನಡ ಸರಿಯಾಗಿ ಮೂಡುತ್ತಿದ್ದುದು ಅಪರೂಪ. ಆದಕಾರಣ ನಾವು ಇಂಗ್ಲಿಷ್ ಅಕ್ಷರಗಳಲ್ಲಿಯೇ ಕನ್ನಡ ಬರೆದೆವು. ಓದಲು ಕಷ್ಟವಾದರೂ ಅದು ದಿನಬಳಕೆಯ ಕನ್ನಡವೇ ಆಗಿತ್ತು.

ಆರ್ಕುಟ್‌ನ ಸ್ವಭಾವವನ್ನು ಬಲ್ಲವರಿಗೆ ಸ್ಕ್ರ್ಯಾಪ್‌ಬುಕ್ ನೆನಪಿರಬೇಕು. ಒಬ್ಬರು ಮತ್ತೊಬ್ಬರಿಗೆ ಬರೆದ ಸ್ಕ್ರ್ಯಾಪನ್ನು ಆರಂಭದ ವರ್ಷಗಳಲ್ಲಿ ಯಾರು ಬೇಕಾದರೂ ಓದಬಹುದಿತ್ತು. ಗುಟ್ಟು ಹೇಳಬೇಕಾದವರು ಟೆಸ್ಟಿಮೋನಿಯಲ್ಲಿನ ಮೊರೆಹೋಗುತ್ತಿದ್ದರು. ಪಡೆದವರು ಒಪ್ಪಿಗೆ ಕೊಟ್ಟ ಮೇಲಷ್ಟೇ ಅದು ಪ್ರಕಟವಾಗುತ್ತಿದ್ದುದರಿಂದ ‘ದಯವಿಟ್ಟು ಒಪ್ಪಿಗೆ ಕೊಡಬೇಡ’ ಎಂದು ಮೊದಲ ಸಾಲಿನಲ್ಲೇ ಬರೆದು ಮುಂದುವರಿಯುವ ಉಪಾಯವನ್ನು ನಮ್ಮವರು ಕಂಡುಕೊಂಡಿದ್ದರು. ಹಳೆಯ ಗೆಳೆಯನನ್ನು ಹುಡುಕಿಕೊಟ್ಟದ್ದು ಈ ತೆರೆದ ಬಾಗಿಲೇ. ಅಪಾಯ ಒಳಗೆ ಬಂದದ್ದೂ ಅದೇ ಬಾಗಿಲಿನಿಂದ. ಹೆಣ್ಣುಮಕ್ಕಳ ಭಾವಚಿತ್ರ ಕದ್ದು ಸುಳ್ಳು ಹೆಸರಿನಲ್ಲಿ ಪುಟ ತೆರೆಯುವ ಕಿಡಿಗೇಡಿತನ ಬೇಗನೆ ಹಬ್ಬಿತು. ಎಷ್ಟೋ ಗೆಳತಿಯರು ತಮ್ಮ ಮುಖದ ಬದಲು ಹೂವಿನ ಚಿತ್ರವನ್ನೋ ನಟಿಯ ಚಿತ್ರವನ್ನೋ ಹಾಕಿಕೊಂಡದ್ದು ಇದೇ ಕಾರಣಕ್ಕೆ.

ಎಲ್ಲಕ್ಕಿಂತ ಗಂಭೀರವಾದ ಪಾಠವೊಂದು 2007ರಲ್ಲಿ ಬೆಂಗಳೂರು ಮತ್ತು ಪುಣೆಗಳ ನಡುವೆ ನಡೆಯಿತು. ಛತ್ರಪತಿ ಶಿವಾಜಿಯನ್ನು ಅವಮಾನಿಸುವ ಬರಹ, ಚಿತ್ರಗಳು ಆರ್ಕುಟ್‌ನಲ್ಲಿ ಕಾಣಿಸಿಕೊಂಡು ಮಹಾರಾಷ್ಟ್ರದಲ್ಲಿ ಪ್ರತಿಭಟನೆಗಳಾಗಿದ್ದವು. ಸೈಬರ್ ಕೆಫೆಗಳ ಮೇಲೆ ದಾಳಿಗಳೂ ನಡೆದಿದ್ದವು. ಆ ವರ್ಷದ ಆಗಸ್ಟ್ ಕೊನೆಯಲ್ಲಿ ಪುಣೆಯ ಪೊಲೀಸರು ಬೆಂಗಳೂರಿಗೆ ಬಂದು ಒಬ್ಬ ಸಾಫ್ಟ್‌ವೇರ್ ಇಂಜಿನಿಯರನ್ನು ಮನೆಯಿಂದಲೇ ಬಂಧಿಸಿ ಕರೆದೊಯ್ದರು. ಇಂಟರ್ನೆಟ್ ಒದಗಿಸುವ ಕಂಪನಿ ಕೊಟ್ಟ ಐಪಿ ವಿಳಾಸವೇ ಆಧಾರ. ಆ ವಿಳಾಸ ತಪ್ಪಾಗಿತ್ತು. ಅವರಿಗೂ ಆ ಚಿತ್ರಕ್ಕೂ ಯಾವ ಸಂಬಂಧವೂ ಇರಲಿಲ್ಲ. ಇದು ಬೆಳಕಿಗೆ ಬಂದು ಬಿಡುಗಡೆಯಾಗುವಷ್ಟರಲ್ಲಿ ಆ ನಿರಪರಾಧಿ 50 ದಿನಗಳನ್ನು ಪುಣೆಯ ಜೈಲಿನಲ್ಲಿ ಕಳೆದಿದ್ದರು. ಬರೆದವರು ಯಾರೋ, ಶಿಕ್ಷೆ ಅನುಭವಿಸಿದವರು ಇನ್ನಾರೋ. ನಮ್ಮ ಹೆಸರಿನ ಮುಂದೆ ಏನು ದಾಖಲಾಗಿದೆ ಎಂಬುದು ನಮ್ಮ ಕೈಯಲ್ಲಿಲ್ಲ ಎಂಬ ಸತ್ಯ ಅಂದು ಮೊದಲ ಬಾರಿಗೆ ಮನಸ್ಸಿಗೆ ನಾಟಿತು. ಮುಂದೆ 2012ರಲ್ಲಿ ಮಹಾರಾಷ್ಟ್ರದ ಪಾಲ್ಘರ್‌ನಲ್ಲಿ ಫೇಸ್‌ಬುಕ್ ಬರಹವೊಂದಕ್ಕಾಗಿ ಇಬ್ಬರು ತರುಣಿಯರ ಬಂಧನವಾಯಿತು. ಮಾಹಿತಿ ತಂತ್ರಜ್ಞಾನ ಕಾಯಿದೆಯ 66ಎ ಕಲಮನ್ನು ಸರ್ವೋಚ್ಚ ನ್ಯಾಯಾಲಯ ರದ್ದುಪಡಿಸಿದ್ದು 2015ರ ಮಾರ್ಚ್ 24ರಂದು.

ಇನ್ನು ವ್ಯಾಪಾರದ ಮಾತು. ಈ ಜಗಲಿ ನಮ್ಮಿಂದ ಎಂದೂ ಬಾಡಿಗೆ ಕೇಳಲಿಲ್ಲ. ಹಾಗಾದರೆ ಅದು ನಡೆದದ್ದು ಹೇಗೆ? ಜನ ನೆರೆದ ಕಡೆ ಜಾಹೀರಾತು ನೆರೆಯುತ್ತದೆ. ನಮ್ಮ ವಯಸ್ಸು, ಊರು, ಅಭಿರುಚಿಗಳನ್ನು ನಾವೇ ಬರೆದುಕೊಟ್ಟಿರುವಾಗ ಜಾಹೀರಾತುದಾರನಿಗೆ ಗಿರಾಕಿಯನ್ನು ಹುಡುಕುವ ಶ್ರಮವೂ ಉಳಿಯುತ್ತದೆ. ಈ ಲೆಕ್ಕವನ್ನು ಎಲ್ಲರಿಗಿಂತ ಚೆನ್ನಾಗಿ ಮಾಡಿದ್ದು ಫೇಸ್‌ಬುಕ್. ಅದು 2006ರ ಸೆಪ್ಟೆಂಬರಿನಲ್ಲಿ ಸಾರ್ವಜನಿಕರಿಗೆ ಬಾಗಿಲು ತೆರೆಯಿತು, 2010ರಲ್ಲಿ ಹೈದರಾಬಾದಿನಲ್ಲಿ ಕಚೇರಿ ಆರಂಭಿಸಿತು. ಆ ಹೊತ್ತಿಗೆ ನಮ್ಮವರು ಗುಂಪುಗುಂಪಾಗಿ ಅತ್ತ ಸಾಗುತ್ತಿದ್ದರು. ಜನ ಎದ್ದುಹೋದ ಜಗಲಿಗೆ ಬೆಲೆಯಿಲ್ಲ. ಮೈಸ್ಪೇಸ್ ಅನ್ನು 2005ರಲ್ಲಿ ನ್ಯೂಸ್ ಕಾರ್ಪೊರೇಷನ್ 58 ಕೋಟಿ ಡಾಲರಿಗೆ ಕೊಂಡು, 2011ರಲ್ಲಿ ಸುಮಾರು ಮೂರೂವರೆ ಕೋಟಿ ಡಾಲರಿಗೆ ಮಾರಿತು.

ದೊಡ್ಡ ಕಂಪನಿಗಳಿಗೆ ಮಾತ್ರ ಲಾಭವಾಯಿತೆಂದರೆ ಅನ್ಯಾಯವಾದೀತು. ನಿರ್ದೇಶಕ ಪವನ್ ಕುಮಾರ್ ‘ಲೂಸಿಯಾ’ ಚಿತ್ರಕ್ಕೆ ನಿರ್ಮಾಪಕರು ಸಿಗದಿದ್ದಾಗ ಅಂತರ್ಜಾಲದಲ್ಲಿ ನೇರವಾಗಿ ಪ್ರೇಕ್ಷಕರನ್ನೇ ಕೇಳಿದರು. 100ಕ್ಕೂ ಹೆಚ್ಚು ಜನ ಸೇರಿ ಒಂದು ತಿಂಗಳೊಳಗೆ ಸುಮಾರು 50 ಲಕ್ಷ ರೂಪಾಯಿ ಕೂಡಿಸಿದರು. 2013ರಲ್ಲಿ ತೆರೆಕಂಡ ಆ ಚಿತ್ರ ಕನ್ನಡ ಸಿನೆಮಾಕ್ಕೆ ಹೊಸ ದಾರಿ ತೋರಿತು. ಮನೆಯಲ್ಲೇ ಸಾರಿನಪುಡಿ, ಚಟ್ನಿಪುಡಿ ಮಾಡಿ ಮಾರುವ ಗೃಹಿಣಿಯರಿಗೂ ಇಂದು ಇವೇ ತಾಣಗಳು ಅಂಗಡಿ. ಆದರೆ ಅಂಗಡಿಯ ಬಾಗಿಲು ಯಾವ ಬೀದಿಗೆ ತೆರೆಯಬೇಕೆಂದು ನಿರ್ಧರಿಸುವವರು ತಾಣದ ಒಡೆಯರು. ನಿನ್ನೆ ನೂರು ಜನಕ್ಕೆ ಕಂಡ ಪ್ರಕಟಣೆ ಇಂದು ಹತ್ತು ಜನಕ್ಕೆ ಕಾಣುವುದು, ಹೆಚ್ಚು ಜನಕ್ಕೆ ಕಾಣಬೇಕಾದರೆ ಹಣ ತೆರಬೇಕಾಗುವುದು ಈ ವ್ಯಾಪಾರಿಗಳ ನಿತ್ಯದ ಅನುಭವ.

2014ರ ಸೆಪ್ಟೆಂಬರ್ 30ರಂದು ಆರ್ಕುಟ್ ಮುಚ್ಚಿತು. ಮೂರು ತಿಂಗಳ ಮೊದಲೇ ಸೂಚನೆ ಕೊಟ್ಟಿದ್ದರು. ನಮ್ಮ ನಮ್ಮ ಬರಹ, ಚಿತ್ರಗಳನ್ನು ಇಳಿಸಿಕೊಳ್ಳಲು 2016ರ ಸೆಪ್ಟೆಂಬರ್ ತನಕ ಅವಕಾಶವನ್ನೂ ಇಟ್ಟಿದ್ದರು. ನಮ್ಮಲ್ಲಿ ಬಹುತೇಕರು ಇಳಿಸಿಕೊಳ್ಳಲಿಲ್ಲ. ಹೊಸ ಜಗಲಿಯ ಗದ್ದಲದಲ್ಲಿ ಹಳೆಯದು ನೆನಪಾಗಲಿಲ್ಲ, ಗುಪ್ತಪದವೂ ಮರೆತುಹೋಗಿತ್ತು. ಒಡೆಯರನ್ನು ದೂರಿ ಫಲವಿಲ್ಲ, ಸೋಮಾರಿತನ ನಮ್ಮದೇ. ಹೀಗೆ ಹೋದವುಗಳಲ್ಲಿ ಇಂದು ನಮ್ಮೊಡನಿಲ್ಲದ ಗೆಳೆಯರು ಬರೆದ ಸಾಲುಗಳೂ ಇದ್ದವು.

ಈಗ ನಾವು ವಾಟ್ಸ್‌ಆಪ್ ಬಳಗಗಳಲ್ಲಿದ್ದೇವೆ. ರಾಜ್ಯೋತ್ಸವದ ಯೋಜನೆ, ಪುಸ್ತಕದ ಚರ್ಚೆ, ಅಗಲಿದ ಹಿರಿಯರ ನೆನಪು, ಎಲ್ಲವೂ ಅಲ್ಲಿಯೇ. ಅದನ್ನು ಬಿಡಬೇಕೆಂದು ನಾವು ಹೇಳುತ್ತಿಲ್ಲ. ಬಿಟ್ಟರೆ ಪರವೂರಿನಲ್ಲಿ ಕನ್ನಡದ ದನಿಯೇ ಕ್ಷೀಣಿಸೀತು. ಆದರೆ ವರ್ಷಕ್ಕೊಮ್ಮೆಯಾದರೂ ಅಲ್ಲಿನ ಒಳ್ಳೆಯ ಬರಹ, ಚಿತ್ರಗಳನ್ನು ಆಯ್ದು, ಬರೆದವರ ಒಪ್ಪಿಗೆ ಪಡೆದು, ಅಚ್ಚುಹಾಕಿಸಿ ಸಂಘದ ಕಪಾಟಿನಲ್ಲಿಡುವ ಪದ್ಧತಿಯನ್ನು ಪ್ರತಿಯೊಂದು ಬಳಗವೂ ಇಟ್ಟುಕೊಳ್ಳಬೇಕು. ನಮ್ಮ ಹಿರಿಯರು ನಡಾವಳಿ ಪುಸ್ತಕ ಬರೆದಿಟ್ಟರು. ಅದರಿಂದಲೇ ಅವರ ಮಾತು ನಮಗೆ ತಲುಪಿತು. ನಮ್ಮ ಮಾತು ಮುಂದಿನವರಿಗೆ ತಲುಪಬೇಕಾದರೆ ನಾವೂ ಆ ಕೆಲಸವನ್ನು ಮಾಡಲೇಬೇಕು.