ಮೊಟ್ಟೆ ತೂಕದ ಹೆಡ್‌ಫೋನಿಗೆ 88 ವರ್ಷ

ಅರ್ಧ ಗಂಟೆ ಹಾಕಿಕೊಂಡರೆ ಕಿವಿ ನೋಯುತ್ತದೆ. ಸ್ವಲ್ಪ ಬಗ್ಗಿದರೆ ಕಳಚಿ ಬೀಳುತ್ತದೆ. ಮೂರು ತಿಂಗಳಿಗೆ ಒಂದು ಕಡೆ ಸತ್ತುಹೋಗುತ್ತದೆ. ಇಯರ್‌ಫೋನ್ ಬಗ್ಗೆ ಯಾರನ್ನು ಕೇಳಿದರೂ ಇದೇ ದೂರು. ಎರಡು ಗಂಟೆಯ ಗ್ರಾಮಸಭೆಯ ರೆಕಾರ್ಡಿಂಗ್ ಕೇಳಿಕೊಂಡು ಟೈಪ್ ಮಾಡುವ ನಮ್ಮಂಥ ಸುದ್ದಿಗಾರರಿಗೂ ಇದು ದಿನದ ತಾಪತ್ರಯ. ಹಗುರವಾಗಿರಬೇಕು, ಜೇಬಿಗೆ ಹಿಡಿಸಬೇಕು, ದಿನವೂ ಹಾಕಿಕೊಂಡರೂ ನೋಯಬಾರದು. ಇಷ್ಟೇ ನಾವು ಕೇಳುವುದು. ಆದರೆ ಇಷ್ಟನ್ನು ಕೊಡಲು ಮನುಷ್ಯರಿಗೆ ಎಷ್ಟು ವರ್ಷ ಹಿಡಿಯಿತು ಎಂದು ನೋಡಿದರೆ ಆಶ್ಚರ್ಯವಾಗುತ್ತದೆ.

ಹೆಡ್‌ಫೋನ್ ಹುಟ್ಟಿದ್ದು ಹಾಡು ಕೇಳುವುದಕ್ಕಲ್ಲ, ಕೂಲಿ ಕೆಲಸಕ್ಕೆ. 1880ರ ದಶಕದಲ್ಲಿ ಅಮೆರಿಕದ ಟೆಲಿಫೋನ್ ಎಕ್ಸ್‌ಚೇಂಜ್‌ಗಳಲ್ಲಿ ಕರೆ ಜೋಡಿಸುವ ಆಪರೇಟರುಗಳಿಗೆ ಎರಡೂ ಕೈ ಬೇಕಿತ್ತು. ಅವರ ಹೆಗಲ ಮೇಲೆ ಎತ್ತಿಗೆ ನೊಗ ಹೂಡಿದ ಹಾಗೆ ಒಂದು ಚೌಕಟ್ಟು ಕೂರಿಸಿ, ಅದಕ್ಕೆ ಕಿವಿಯ ಭಾಗವನ್ನೂ ಬಾಯಿಯ ಭಾಗವನ್ನೂ ಸಿಕ್ಕಿಸಿದರು. ಎಜ್ರಾ ಗಿಲಿಲ್ಯಾಂಡ್ ಎಂಬವರು ಮಾಡಿದ ಈ ಸಾಮಾನಿನ ತೂಕ ನಾಲ್ಕೈದು ಕಿಲೋ. ಪಾಳಿ ಮುಗಿಯುವವರೆಗೆ ಅದನ್ನು ಹೊತ್ತೇ ಕೂರಬೇಕಿತ್ತು.

ಫ್ರಾನ್ಸಿನ ಎಂಜಿನಿಯರ್ ಅರ್ನೆಸ್ಟ್ ಮರ್ಕಾದಿಯೆ ಇದಕ್ಕೆ ತದ್ವಿರುದ್ಧ ಯೋಚಿಸಿದರು. 1891ರಲ್ಲಿ ಅವರು ಪೇಟೆಂಟ್ ಪಡೆದ ಸಾಧನ ಕಿವಿಯೊಳಗೇ ಕೂರುವಂಥದ್ದು. ತುದಿಗೆ ರಬ್ಬರ್ ಹೊದಿಕೆ, ತೂಕ ಸುಮಾರು 50 ಗ್ರಾಂ, ಅಂದರೆ ಒಂದು ಕೋಳಿಮೊಟ್ಟೆಯಷ್ಟು. ರಬ್ಬರ್ ಯಾಕೆಂದರೆ ಕಿವಿ ಉಜ್ಜಿಕೊಂಡು ನೋಯಬಾರದು, ಹೊರಗಿನ ಗದ್ದಲವೂ ಒಳಗೆ ಬರಬಾರದು. ಇವತ್ತು ಮೊಬೈಲ್ ಅಂಗಡಿಯಲ್ಲಿ ನೇತುಹಾಕಿರುವ ಇಯರ್‌ಫೋನಿನ ಮುತ್ತಜ್ಜ ಇದೇ. ಆದರೆ ಆ ಕಾಲದ ಫೋನಿನ ದನಿಯೇ ಕ್ಷೀಣ. ಹಗುರವಾಗಿ ಮಾಡಿದರೆ ಕೇಳಿಸುವುದು ಕಷ್ಟ, ಜೋರಾಗಿ ಕೇಳಿಸಬೇಕೆಂದರೆ ಭಾರವಾಗುತ್ತದೆ. ಮುಂದಿನ ಹಲವು ದಶಕಗಳ ಜಗ್ಗಾಟ ಇದೇ.

ಕಾರಣ ಸರಳ. ಹೆಡ್‌ಫೋನಿನೊಳಗೆ ಒಂದು ಅಯಸ್ಕಾಂತ, ಒಂದು ತಂತಿಯ ಸುರುಳಿ, ಒಂದು ತೆಳುವಾದ ಪೊರೆ ಇರುತ್ತವೆ. ತಂತಿಯಲ್ಲಿ ಕರೆಂಟ್ ಏರಿಳಿದ ಹಾಗೆ ಪೊರೆ ಅದುರುತ್ತದೆ, ಅದೇ ನಮಗೆ ದನಿ. ಅಯಸ್ಕಾಂತಕ್ಕೆ ಬಲ ಕಡಿಮೆ ಇದ್ದರೆ ಅದನ್ನು ದೊಡ್ಡದಾಗಿ ಮಾಡಬೇಕು. ದೊಡ್ಡದಾಯಿತು ಎಂದರೆ ತಲೆಗೆ ಭಾರ.

ಈ ಕಥೆಯಲ್ಲಿ ನಮಗೆ ಎಲ್ಲರಿಗಿಂತ ಇಷ್ಟವಾದ ಮನುಷ್ಯ ನೆಥಾನಿಯಲ್ ಬಾಲ್ಡ್‌ವಿನ್. ಅಮೆರಿಕದ ಯೂಟಾ ಪ್ರಾಂತ್ಯದವರು. ದೊಡ್ಡ ಪ್ರಾರ್ಥನಾ ಮಂದಿರದಲ್ಲಿ ಪ್ರವಚನ ಸರಿಯಾಗಿ ಕೇಳಿಸುತ್ತಿರಲಿಲ್ಲವಂತೆ. ಹಾಗಾಗಿ ದನಿ ಜೋರು ಮಾಡುವುದು ಹೇಗೆ ಎಂದು ಯೋಚಿಸುತ್ತಾ, ಮನೆಯ ಅಡುಗೆಕೋಣೆಯನ್ನೇ ಕಾರ್ಖಾನೆ ಮಾಡಿಕೊಂಡರು. 1910ರಲ್ಲಿ ತಮ್ಮ ಹೆಡ್‌ಫೋನನ್ನು ಅಮೆರಿಕದ ನೌಕಾಪಡೆಗೆ ಕಳಿಸಿದರು. ಜೊತೆಗಿದ್ದ ಪತ್ರವನ್ನು ಬಣ್ಣದ ಕಾಗದದ ಮೇಲೆ ನೇರಳೆ ಶಾಯಿಯಲ್ಲಿ ಬರೆದಿದ್ದರು. ಅಂಥ ಪತ್ರ ನೋಡಿದ ಅಧಿಕಾರಿಗಳಿಗೆ ದೊಡ್ಡ ನಿರೀಕ್ಷೆ ಏನೂ ಇರಲಿಕ್ಕಿಲ್ಲ. ಆದರೆ ಪರೀಕ್ಷೆ ಮಾಡಿ ನೋಡಿದರೆ, ತಮ್ಮ ಹತ್ತಿರ ಇದ್ದ ಯಾವ ಹೆಡ್‌ಫೋನಿಗಿಂತಲೂ ಅದು ಚೆನ್ನಾಗಿ ಕೇಳಿಸುತ್ತಿತ್ತು. ಹಡಗಿನ ರೇಡಿಯೋ ಕೋಣೆಯಲ್ಲಿ ಕೂತವನಿಗೆ ದೂರದ ಕ್ಷೀಣ ಸಂಕೇತ ಕೇಳುವುದು, ಕೇಳದೇ ಇರುವುದು ಪ್ರಾಣದ ವಿಚಾರ. ನಮಗೆ ಬೇಕು ಎಂದು ನೌಕಾಪಡೆ ಬರೆಯಿತು. ಬಾಲ್ಡ್‌ವಿನ್ ಕೊಟ್ಟ ಉತ್ತರ: ಒಂದು ಸಲಕ್ಕೆ ಹತ್ತು ಮಾತ್ರ ಸಾಧ್ಯ, ಅಡುಗೆಕೋಣೆಯಲ್ಲಿ ಮಾಡುತ್ತಿದ್ದೇನೆ.

ಪ್ರತಿ ಕಿವಿಯ ಭಾಗದಲ್ಲೂ ಕೂದಲಿನಂಥ ತಾಮ್ರದ ತಂತಿಯನ್ನು ಹೆಚ್ಚುಕಡಿಮೆ ಒಂದು ಮೈಲಿ ಉದ್ದ ಸುತ್ತಿದ್ದರು. ಕೇಳಲು ಅದ್ಭುತ, ಹಾಕಿಕೊಳ್ಳಲು ಹಿಂಸೆ. ತಲೆಗೆ ಒತ್ತುತ್ತದೆ ಎಂದು ನೌಕಾಪಡೆಯವರು ದೂರಿದರು. ಆಗ ಬಾಲ್ಡ್‌ವಿನ್ ತಲೆಪಟ್ಟಿಯನ್ನೇ ಬದಲಿಸಿದರು. ಚರ್ಮ ಹೊದಿಸಿದ ಎರಡು ತೆಳು ಕಂಬಿ, ಅವರವರ ತಲೆಗೆ ತಕ್ಕಂತೆ ಮೇಲೆ ಕೆಳಗೆ ಸರಿಸಿಕೊಳ್ಳಬಹುದಾದ ಕಿವಿಯ ಭಾಗ. ಇವತ್ತಿಗೂ ದೊಡ್ಡ ಹೆಡ್‌ಫೋನುಗಳ ರಚನೆ ಇದೇ. ಇದಕ್ಕೆ ಪೇಟೆಂಟ್ ಮಾಡಿಸಿ ಎಂದರೆ ಅವರು ಒಪ್ಪಲಿಲ್ಲ. ಇಷ್ಟು ಸಣ್ಣ ವಿಷಯಕ್ಕೆ ಪೇಟೆಂಟ್ ಯಾಕೆ ಎಂಬುದು ಅವರ ಲೆಕ್ಕ. ತಂತಿ ಸುತ್ತಿದ್ದು ಅವರಿಗೆ ಹೆಚ್ಚುಗಾರಿಕೆ, ತಲೆಗೆ ಹಿತವಾಗಿಸಿದ್ದು ಸಣ್ಣ ವಿಷಯ! ಆಮೇಲೆ ದೊಡ್ಡ ಕಾರ್ಖಾನೆ ಕಟ್ಟಿದರು, ಕೈಬಿಚ್ಚಿ ಹಂಚಿದರು, 1924ರ ಹೊತ್ತಿಗೆ ದಿವಾಳಿಯಾದರು, ಜೈಲನ್ನೂ ಕಂಡರು.

ಮನೆಯಲ್ಲಿ ಕೂತು ಸಂಗೀತ ಕೇಳುವುದಕ್ಕೆಂದೇ ಹೆಡ್‌ಫೋನ್ ಬಂದದ್ದು 1958ರಲ್ಲಿ. ಅಮೆರಿಕದ ಮಿಲ್ವಾಕಿಯ ಜಾನ್ ಕಾಸ್ ಎಂಬ ಜಾಝ್ ಕಲಾವಿದರು ಎತ್ತಿಕೊಂಡು ಹೋಗಬಹುದಾದ ರೆಕಾರ್ಡ್ ಪ್ಲೇಯರ್ ಮಾರಲು ಹೊರಟಿದ್ದರು. ಪ್ಲೇಯರ್ ಕೇಳಿಸಿ ತೋರಿಸಲು ಒಂದು ಸ್ಟೀರಿಯೋ ಹೆಡ್‌ಫೋನ್ ಜೋಡಿಸಿಟ್ಟಿದ್ದರು. ಪ್ರದರ್ಶನಕ್ಕೆ ಬಂದ ಜನ ಪ್ಲೇಯರನ್ನು ಬಿಟ್ಟು ಹೆಡ್‌ಫೋನ್ ಹಿಂದೆ ಬಿದ್ದರು. ಆದರೂ ಅದು ಕಿವಿಯನ್ನು ಪೂರ್ತಿ ಮುಚ್ಚುವ ದಪ್ಪ ಸಾಮಾನು. ನಮ್ಮ ಕಡೆಯ ಏಪ್ರಿಲ್ ಬಿಸಿಲಲ್ಲಿ ಹಾಕಿಕೊಂಡಿದ್ದರೆ ಕಿವಿಯಿಂದ ಬೆವರು ಇಳಿಯುತ್ತಿತ್ತು.

ಬೆವರಿಗೆ ಪರಿಹಾರ ಜರ್ಮನಿಯಿಂದ ಬಂತು. 1968ರಲ್ಲಿ ಸೆನ್‌ಹೈಸರ್ ಕಂಪನಿ ಎಚ್‌ಡಿ 414 ಎಂಬ ಹೆಡ್‌ಫೋನ್ ತಂದಿತು. ಕಿವಿಗೆ ಮುಚ್ಚಳ ಹಾಕುವ ಬದಲು ರಂಧ್ರಗಳಿರುವ ಹಗುರ ಚಿಪ್ಪು, ಅದರ ಮೇಲೆ ಹಳದಿ ಸ್ಪಂಜು. ಗಾಳಿ ಆಡುತ್ತದೆ, ಅಕ್ಕಪಕ್ಕದವರು ಕರೆದರೆ ಕೇಳಿಸುತ್ತದೆ. ಈ ಮಾದರಿ ಒಂದು ಕೋಟಿಗೂ ಹೆಚ್ಚು ಮಾರಾಟವಾಯಿತು.

ಆಮೇಲೆ ಅಯಸ್ಕಾಂತದ ಸರದಿ. ಸಮೇರಿಯಂ-ಕೋಬಾಲ್ಟ್ ಎಂಬ ಮಿಶ್ರಲೋಹದಿಂದ ಮಾಡಿದ ಅಯಸ್ಕಾಂತ ಗಾತ್ರದಲ್ಲಿ ಚಿಕ್ಕದು, ಬಲದಲ್ಲಿ ಗಟ್ಟಿ. ಜಪಾನಿನ ಸೋನಿ ಕಂಪನಿಯವರು ಅದನ್ನು ಬಳಸಿ ಸ್ಪಂಜಿನ ಮೆತ್ತೆಯ ಪುಟ್ಟ ಹೆಡ್‌ಫೋನ್ ಮಾಡಿದರು. ಆ ಕಾಲದ ಮಾಮೂಲಿ ಹೆಡ್‌ಫೋನ್ 300 ರಿಂದ 400 ಗ್ರಾಂ ತೂಗುತ್ತಿದ್ದರೆ ಇದು ಸುಮಾರು 50 ಗ್ರಾಂ. 1979ರ ಜುಲೈ 1ರಂದು ವಾಕ್‌ಮನ್ ಕ್ಯಾಸೆಟ್ ಪ್ಲೇಯರ್ ಜೊತೆ ಅದು ಮಾರುಕಟ್ಟೆಗೆ ಬಂತು. ಮರ್ಕಾದಿಯೆಯ ಮೊಟ್ಟೆ ತೂಕಕ್ಕೆ ಮರಳಲು 88 ವರ್ಷ ಹಿಡಿದಿತ್ತು. ಈ ಸಲ ದನಿಯೂ ಗಟ್ಟಿ, ಜೊತೆಗೆ ಸ್ಟೀರಿಯೋ.

ವಾಕ್‌ಮನ್ ಬಗ್ಗೆ ಬರೆಯುವವರೆಲ್ಲ ಕ್ಯಾಸೆಟ್ ಪ್ಲೇಯರನ್ನೇ ಹೊಗಳುತ್ತಾರೆ. ನಮ್ಮ ಪ್ರಕಾರ ಅರ್ಧ ಗೌರವ ಆ ಹೆಡ್‌ಫೋನಿಗೆ ಸಲ್ಲಬೇಕು. ಅರ್ಧ ಕಿಲೋ ತಲೆಯ ಮೇಲೆ ಹೊತ್ತು ಯಾರು ತಾನೇ ರಸ್ತೆಯಲ್ಲಿ ನಡೆದಾರು? ಕೊಲ್ಲಿ ದೇಶಗಳಿಂದ ರಜೆಗೆ ಬಂದವರ ಪೆಟ್ಟಿಗೆಯಲ್ಲಿ ನಮ್ಮ ಕರಾವಳಿಯ ಊರುಗಳಿಗೆ ವಾಕ್‌ಮನ್ ಇಳಿದಾಗಲೂ ಮಕ್ಕಳು ಮೊದಲು ಕೈ ಚಾಚುತ್ತಿದ್ದುದು ಆ ಸ್ಪಂಜಿನ ಕಿವಿಗಳಿಗೇ.

ಇನ್ನೊಂದು ಸಂಗತಿ. ಮೊದಲ ವಾಕ್‌ಮನ್‌ನಲ್ಲಿ ಹೆಡ್‌ಫೋನ್ ಸಿಕ್ಕಿಸಲು ಎರಡು ತೂತುಗಳಿದ್ದವು, ಜೊತೆಗೆ ಒಂದು ಕಿತ್ತಳೆ ಗುಂಡಿ. ಅದನ್ನು ಒತ್ತಿದರೆ ಹಾಡು ಸಣ್ಣದಾಗಿ, ಕೇಳುತ್ತಿದ್ದ ಇಬ್ಬರೂ ಮಾತಾಡಿಕೊಳ್ಳಬಹುದಿತ್ತು. ಸೋನಿಯ ಮುಖ್ಯಸ್ಥ ಅಕಿಯೋ ಮೊರಿಟ ಇದನ್ನು ಮನೆಗೆ ತಂದು ಕೇಳುತ್ತಾ ಕೂತಾಗ, ತನ್ನನ್ನು ಹೊರಗಿಟ್ಟ ಹಾಗಾಯಿತೆಂದು ಹೆಂಡತಿಗೆ ಸಿಟ್ಟು ಬಂದಿತ್ತಂತೆ. ಜನರಿಗೆ ಮಾತ್ರ ಒಂಟಿಯಾಗಿ ಕೇಳುವುದೇ ಇಷ್ಟವಾಯಿತು. ಮುಂದಿನ ಮಾದರಿಗಳಲ್ಲಿ ಆ ಗುಂಡಿ ಹೋಯಿತು. ಮನೆಯಲ್ಲಿ ಅಮ್ಮ ನಾಲ್ಕು ಸಲ ಕೂಗಿದರೂ "ಓ" ಎನ್ನದ ಮಗ ಹುಟ್ಟಿದ್ದು ಅಲ್ಲಿಂದಲೇ ಇರಬೇಕು.

ಈಗಿನದು ನಿಮಗೆ ಗೊತ್ತೇ ಇದೆ. 2016ರಲ್ಲಿ ಆಪಲ್ ಕಂಪನಿ ಐಫೋನ್‌ನಿಂದ ಹೆಡ್‌ಫೋನ್ ತೂತನ್ನೇ ತೆಗೆಯಿತು. ಟೆಲಿಫೋನ್ ಎಕ್ಸ್‌ಚೇಂಜ್ ಕಾಲದ ಪಿನ್ನಿನ ವಂಶ ಅದು. ಅದೇ ವರ್ಷ ಬಂದ ತಂತಿಯಿಲ್ಲದ ಏರ್‌ಪಾಡ್ಸ್ ಒಂದೊಂದೂ 4 ಗ್ರಾಂ. ಈಗ ಭಾರದ ಪ್ರಶ್ನೆಯೇ ಇಲ್ಲ. ಬದಲಿಗೆ ಬೇರೆ ಪ್ರಶ್ನೆಗಳಿವೆ. ಅಂಥ ಬಡ್ಸ್‌ನ ಬ್ಯಾಟರಿ ಕೆಲವು ವರ್ಷಕ್ಕೆ ಸೊರಗುತ್ತದೆ, ಬದಲಿಸುವುದು ನಮ್ಮೂರ ರಿಪೇರಿ ಅಂಗಡಿಯವರ ಕೈಲಾಗುವ ಕೆಲಸವಲ್ಲ. ತಂತಿಯದ್ದಾದರೆ ಬೆಸುಗೆ ಹಾಕಿ ಕೊಡುತ್ತಾರೆ. ಇನ್ನು ಫೋನಿನಲ್ಲಿ ಎಫ್‌ಎಂ ಕೇಳುವವರಿಗೆ ಸಾಮಾನ್ಯವಾಗಿ ತಂತಿ ಬೇಕೇ ಬೇಕು, ಆ ತಂತಿಯೇ ರೇಡಿಯೋದ ಆಂಟೆನಾ.

ಕಿವಿಯೊಳಗೆ ತೂರುವ ರಬ್ಬರ್ ಬುಡ್ಡೆಯದ್ದು ಬಸ್ಸಿನಲ್ಲಿ ಒಳ್ಳೆಯದು. ಹೊರಗಿನ ಸದ್ದು ತಡೆಯುವುದರಿಂದ ಹಾಡನ್ನು ಜೋರು ಮಾಡಬೇಕಿಲ್ಲ. ಆದರೆ ಹೊಲದಲ್ಲಿ, ರಸ್ತೆ ಬದಿಯಲ್ಲಿ ಅದನ್ನು ಹಾಕಬೇಡಿ, ಹಿಂದಿನಿಂದ ಬರುವ ಟ್ರ್ಯಾಕ್ಟರ್ ಕೇಳಿಸುವುದಿಲ್ಲ. ಅಂಥ ಕಡೆ ಕಿವಿಯ ಮೇಲೆ ಸುಮ್ಮನೆ ಕೂರುವ ಸ್ಪಂಜಿನದ್ದೇ ವಾಸಿ. ನಾವು ಟೈಪ್ ಮಾಡಲು ಬಳಸುವುದೂ ಅದನ್ನೇ. ದನಿಯ ಲೆಕ್ಕವೂ ನೆನಪಿರಲಿ. ವಿಶ್ವ ಆರೋಗ್ಯ ಸಂಸ್ಥೆ ಹೇಳುವಂತೆ 80 ಡೆಸಿಬೆಲ್‌ನಲ್ಲಿ ವಾರಕ್ಕೆ 40 ಗಂಟೆ ಕೇಳಬಹುದು, 90ಕ್ಕೆ ಏರಿಸಿದರೆ ಬರೀ 4 ಗಂಟೆ.

ಕೊಳ್ಳುವಾಗ "ಅಣ್ಣಾ, ಒಂದ್ಸಲ ಹಾಕ್ಕೊಂಡು ನೋಡ್ತೀನಿ" ಎಂದು ಕೇಳಲು ಸಂಕೋಚ ಬೇಡ. ಕನ್ನಡಕ ಇದ್ದರೆ ಅದನ್ನೂ ಹಾಕಿಕೊಂಡೇ ನೋಡಿ. ಹತ್ತು ನಿಮಿಷ ಅಲ್ಲೇ ನಿಂತು ಮಾತಾಡಿ, ಬಗ್ಗಿ ಎದ್ದು ನೋಡಿ. ಅಷ್ಟರಲ್ಲೇ ಒತ್ತಿದರೆ ಅದು ಸಂಜೆಯವರೆಗೆ ನಿಲ್ಲುವ ಮಾಲಲ್ಲ, ವಾಪಸ್ ಕೊಟ್ಟುಬಿಡಿ.