ಹಾಡದೆ ಕಳೆದ ಐದು ವರ್ಷ

ಶೇಷಾದ್ರಿಪುರಂನ ನಮ್ಮ ಬೀದಿಯಲ್ಲಿ ಸಂಜೆ ಐದಾದರೆ ಶ್ರುತಿಪೆಟ್ಟಿಗೆಯ ಸದ್ದು. ಮಕ್ಕಳನ್ನು ಸಂಗೀತದ ಕ್ಲಾಸಿಗೆ ಬಿಟ್ಟ ತಾಯಂದಿರು ಗೇಟಿನ ಬಳಿ ನಿಂತು ಮಾತಾಡುವುದೆಲ್ಲ ಟೀವಿ ಸ್ಪರ್ಧೆಯ ವಿಷಯವೇ. "ಹತ್ತು ತುಂಬೋದರೊಳಗೆ ಇವನಿಗೆ ಹೆಸರು ಬಂದುಬಿಡಬೇಕು ಕಣ್ರೀ" ಎಂದು ಮೊನ್ನೆ ಒಬ್ಬಾಕೆ ಹೇಳಿದಾಗ ನನಗೆ ಕುಮಾರ ಗಂಧರ್ವರ ನೆನಪಾಯಿತು.

ಬೆಳಗಾವಿಯ ಹತ್ತಿರದ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಶಿವಪುತ್ರನಿಗೆ ಹೆಸರು ಬಂದದ್ದು ಹತ್ತಕ್ಕೂ ಮುಂಚೆಯೇ. ದೊಡ್ಡ ಗವಾಯಿಗಳ ಗ್ರಾಮಫೋನ್ ತಟ್ಟೆ ಕೇಳಿ ಹಾಗೇ ಒಪ್ಪಿಸಿಬಿಡುತ್ತಿದ್ದ. ಸ್ವಾಮಿಗಳೊಬ್ಬರು 'ಕುಮಾರ ಗಂಧರ್ವ' ಎಂದು ಕರೆದರು. ಊರೂರಲ್ಲಿ ಕಛೇರಿ, ಚಪ್ಪಾಳೆ. ಅದೆಲ್ಲ ಬೇರೆಯವರ ಹಾಡು ಎಂಬುದು ಚಪ್ಪಾಳೆ ಹೊಡೆಯುವವರಿಗೆ ಬೇಕಿರಲಿಲ್ಲ. ಮುಂಬಯಿಯಲ್ಲಿ ಬಿ. ಆರ್. ದೇವಧರರ ಬಳಿ ಸೇರಿದ ಮೇಲೆಯೇ ಕ್ರಮದ ಪಾಠ.

ಎಳೆಯ ಕಂಠಕ್ಕೆ ಬರುವ ಕೀರ್ತಿ ಎಲ್ಲ ದೇಶದಲ್ಲೂ ಒಂದೇ ತರಹ. ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಫ್ರ್ಯಾಂಕಿ ಲೈಮನ್ ಎಂಬ ಬಡ ಹುಡುಗನಿದ್ದ. ಹುಡುಗರು ಬೀದಿಯ ಮೂಲೆಯಲ್ಲಿ ನಿಂತು, ವಾದ್ಯವಿಲ್ಲದೆ ಬಾಯಲ್ಲೇ ತಾಳ ಕೂಡಿಸಿ ಹಾಡುತ್ತಿದ್ದ 'ಡೂ-ವಾಪ್' ಅವನದು. 1956ರಲ್ಲಿ ಒಂದೇ ಹಾಡಿಗೆ ಜಗತ್ತು ಕುಣಿಯಿತು, ಅವನಿಗಾಗ ಹದಿಮೂರು. ಕಂಠ ಒಡೆಯಿತು, ಕರೆಯುವವರು ಕಡಿಮೆಯಾದರು, ಮಾದಕ ವಸ್ತು ಅಂಟಿಕೊಂಡಿತು. 1968ರಲ್ಲಿ, ಇಪ್ಪತ್ತೈದಕ್ಕೇ, ಅಜ್ಜಿಯ ಮನೆಯಲ್ಲಿ ಸತ್ತುಬಿದ್ದಿದ್ದ.

ಕುಮಾರರಿಗೂ ಇಪ್ಪತ್ತಮೂರು ಇಪ್ಪತ್ನಾಲ್ಕರಲ್ಲೇ ಕ್ಷಯ ಬಡಿಯಿತು. ಹಾಡಿದರೆ ಜೀವಕ್ಕೇ ಅಪಾಯ ಎಂದರು ವೈದ್ಯರು. ಒಣಹವೆ ಒಳ್ಳೆಯದೆಂದು 1948ರಲ್ಲಿ ಮಾಳವದ ದೇವಾಸಕ್ಕೆ ಹೋದರು. ಜೊತೆಗೆ ಹಿಂದಿನ ವರ್ಷವಷ್ಟೇ ಕೈಹಿಡಿದ ಭಾನುಮತಿ. ಆಕೆಯೂ ಗಾಯಕಿ. ಹೊಸ ಊರಿನಲ್ಲಿ ಶಾಲೆಯ ಪಾಠ ಹೇಳಿ ಸಂಸಾರ ತೂಗಿಸಿದರು, ರೋಗಿಯ ಆರೈಕೆ ಮಾಡಿದರು. ಕ್ಷಯ ಎಂದರೆ ನೆಂಟರೇ ದೂರದಲ್ಲಿ ಕೂರುತ್ತಿದ್ದ ಕಾಲ ಅದು! ಸುಮಾರು ಐದು ವರ್ಷ ಹಾಗೆ ನಡೆಯಿತು. ಆಗಷ್ಟೇ ಬಂದಿದ್ದ ಸ್ಟ್ರೆಪ್ಟೊಮೈಸಿನ್ ಔಷಧಿಯಿಂದ ಗುಣ ಕಂಡಿತು.

ಮಲಗಿದ್ದವರ ಕಿವಿ ಮಾತ್ರ ಸುಮ್ಮನಿರಲಿಲ್ಲ. ಹಳ್ಳಿಯ ಹೆಂಗಸರ ಮದುವೆ ಹಾಡು, ಬೀದಿಯಲ್ಲಿ ಹಾದುಹೋಗುವ ಜೋಗಿಗಳ ಕಬೀರ, ಎಲ್ಲ ಒಳಗಿಳಿಯಿತು. 1953ರಲ್ಲಿ ಮತ್ತೆ ಕಛೇರಿಗೆ ಕೂತಾಗ ಒಂದು ಶ್ವಾಸಕೋಶ ಕೈಕೊಟ್ಟಿತ್ತು. ಉದ್ದದ ಉಸಿರಿಲ್ಲ, ಆದ್ದರಿಂದ ಚಿಕ್ಕ ಚಿಕ್ಕ ತುಣುಕು, ಫಕ್ಕನೆ ಮಿಂಚಿ ನಿಲ್ಲುವ ಸ್ವರ. ಈ ಹಾಡು ಯಾವ ತಟ್ಟೆಯಲ್ಲೂ ಇರಲಿಲ್ಲ. ಕೆಲವರು ಮೂಗು ಮುರಿದರು, ಮುರಿಯಲಿ. ಇಂದು ನಾವು ಕುಮಾರರೆಂದು ಕೇಳುವುದು ಈ ಎರಡನೆಯ ಕಂಠವನ್ನೇ.

ಭಾನುಮತಿ 1961ರಲ್ಲಿ ಎರಡನೆಯ ಬಾಣಂತನದಲ್ಲಿ ತೀರಿಕೊಂಡರು. ಕುಮಾರರದು ಹತ್ತಾರು ಕ್ಯಾಸೆಟ್ಟು ನನ್ನ ಕಪಾಟಿನಲ್ಲಿವೆ, ಆಕೆಯದು ಒಂದೂ ಇಲ್ಲ. ಮುಂದೆ ವಸುಂಧರಾ ಬಾಳಿಗೂ ಬಂದರು, ವೇದಿಕೆಗೂ ಬಂದರು. ಮಗಳು ಕಲಾಪಿನಿ ಹಾಡು ಮುಂದುವರಿಸಿದರು. ಕುಮಾರರು 1992ರ ಜನವರಿಯಲ್ಲಿ ದೇವಾಸದಲ್ಲೇ ಕಣ್ಣುಮುಚ್ಚಿದರು. ಅಲ್ಲಿನ ಅವರ ಮನೆಯ ಹೆಸರು 'ಭಾನುಕುಲ'.