ಕಗ್ಗ ಭತ್ತವೂ ರಸದಾನಿಯೂ
ಕುಮಟಾ ತಾಲೂಕಿನ ಅಘನಾಶಿನಿಯ ಅಳಿವೆಯಲ್ಲಿ ಗಜನಿಯೆಂಬ ಚೌಳುಗದ್ದೆಗಳುಂಟು. ಮಳೆಯು ಮಣ್ಣಿನ ಉಪ್ಪನ್ನು ತೊಳೆದ ಬಳಿಕ ರೈತರು ಅಲ್ಲಿ ಕಗ್ಗವೆಂಬ ಭತ್ತವನ್ನು ಬಿತ್ತುವರು. ಈ ರೂಢಿಯು ಪುರಾತನವಾದುದು. ಉಪ್ಪನ್ನು ತಾಳುವ ಮರ್ಮವನ್ನಾದರೋ ಶಾಸ್ತ್ರವು ತಡವಾಗಿ ಅರಿತಿತು. ಸಸ್ಯಕೋಶದ ನಡುವೆ ರಸದಿಂದ ತುಂಬಿದ ರಸದಾನಿಯಿರುವುದು. ಅದನ್ನು ಸುತ್ತುವರಿದ ಪೊರೆಗೆ ಡಚ್ ವಿದ್ವಾಂಸನಾದ ಹ್ಯೂಗೊ ಡಿ ವ್ರೀಸನು 1885ರಲ್ಲಿ ಟೊನೊಪ್ಲಾಸ್ಟ್ ಎಂದು ಹೆಸರಿಟ್ಟನು. ಚೌಳನ್ನು ಸಹಿಸುವ ಭತ್ತದಲ್ಲಿ ಬೇರು ಬಹುಪಾಲು ಉಪ್ಪನ್ನು ತಡೆಯುವುದು. ಒಳಸೇರಿದ ಸೋಡಿಯಮ್ಮನ್ನು ಈ ಪೊರೆಯು ರಸದಾನಿಯೊಳಗೆ ಸಾಗಿಸುವುದರಿಂದ ಹೊರಗಿನ ಜೀವದ್ರವ್ಯಕ್ಕೆ ಬಾಧೆಯು ತಗ್ಗುವುದು. ಸಿಗಡಿಯ ಸಾಕಣೆಯು ಹಬ್ಬಿದ ಮೇಲೆ ಗಜನಿಗಳಲ್ಲಿ ಕಗ್ಗದ ಬೆಳೆಯು ಕ್ಷೀಣಿಸಿದೆ. ಹೆಸರನ್ನು ಗ್ರಂಥವು ಉಳಿಸೀತು. ಬೀಜವನ್ನು ಬಿತ್ತನೆಯೊಂದೇ ಉಳಿಸಬಲ್ಲುದು.